ಸಪ್ಪೆ ನೀರು

ನೀರಿನ ಮೇಲೆ ತೇಲುತ್ತಿದ್ದ ಕರಿಯ ಚುಕ್ಕೆ ಆಮೆಮರಿಯಲ್ಲ, ಒಣಗಿದ ಹುಣಸೆ ಸಿಪ್ಪೆ ಎಂದು ಗೊತ್ತಾಗುವ ಹೊತ್ತಿಗೆ ಕುಮಾರೇಶನ ಬಾಯಲ್ಲಿದ್ದ ಪೇಸ್ಟಿನ ನೊರೆ ಗಲ್ಲಕ್ಕಿಳಿದಿತ್ತು. ಉಗುಳಲು ಪಕ್ಕಕ್ಕೆ ತಿರುಗಿದವನು ಉಗುಳಿ ಬಾಯಿ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದ. ಬೋರ್‌ವೆಲ್ ಬಂದ ಮೇಲೆ ಈ ಬಾವಿಯ ನೀರು ಯಾರಿಗೂ ಬೇಕಾಗಿರಲಿಲ್ಲ. ಗುಲಾಬಿ ತೋಟಕ್ಕೆ ಪೈಪು ಬೋರಿನಿಂದಲೇ ಹೋಗುತ್ತಿತ್ತು. ಕಲ್ಲುಸಂದಿಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು, ಒಂದು ಕಡೆ ಅರಳಿ ಗಿಡ ಗೋಡೆ ಸೀಳಿಕೊಂಡು ಹೊರಬಂದಿತ್ತು. ನಿನ್ನೆ ಸಂಜೆ ಬಕೆಟ್ಟಿಗೆ ಹಗ್ಗ ಕಟ್ಟಿ ಮರಿಯನ್ನು ಇಳಿಸಿದವನು ಅವನೇ. ಹಗ್ಗದ ತುದಿಯನ್ನು ಮಗಳು ಲೇಖಾಳ ಕೈಗೆ ಕೊಟ್ಟು, ನಿಧಾನ, ನಿಧಾನ ಎನ್ನುತ್ತಿದ್ದ. ಬಕೆಟ್ಟು ನೀರಿಗೆ ತಾಗಿ ವಾಲಿದಾಗ ಮರಿ ಈಚೆ ಬಂದು, ಎರಡು ಮುಂಗೈ ಬೀಸಿಕೊಂಡು ನೆಟ್ಟಗೆ ಹೋಗಿ ಗೋಡೆಗೆ ಮೂತಿ ಬಡಿಯಿತು. ಹಿಂದೆ ಸರಿಯಿತು, ಮತ್ತೆ ಅದೇ ಗೋಡೆಗೆ ಬಡಿಯಿತು. ಅದು ಗೋಡೆಯನ್ನು ಬಳಸಿಕೊಂಡು ಹೋಗಲಿಲ್ಲ. ಗೋಡೆ ಎಂಬುದೊಂದು ಇರುತ್ತದೆ ಎಂದೇ ಅದಕ್ಕೆ ಗೊತ್ತಿಲ್ಲದ ಹಾಗೆ, ಕಲ್ಲಿನ ಆಚೆಗೆ ಹೋಗಬೇಕಾದ ಜಾಗ ಇದೆ ಎನ್ನುವ ಹಾಗೆ, ಬಡಿಯುತ್ತಲೇ ಇತ್ತು. "ಏನಪ್ಪಾ ಮಾಡ್ತಾ ಇದೆ?" ಎಂದು ಲೇಖಾ ಕೇಳಿದ್ದಳು. "ಜಾಗ ನೋಡ್ಕೊಳ್ತಾ ಇದೆ ಕಣಮ್ಮಾ. ಹೊಸಮನೆ ಅಲ್ವಾ" ಎಂದಿದ್ದ. ಹೇಳಿದ ಮರುಕ್ಷಣವೇ ಅದು ಸುಳ್ಳು ಎಂದು ಅವನಿಗೆ ಅನ್ನಿಸಿತ್ತು. ಆದರೆ ಯಾವುದು ನಿಜ ಎಂದು ಗೊತ್ತಿರಲಿಲ್ಲ.

"ಏನ್ಲಾ, ಹಲ್ಲುಜ್ಜೋಕೆ ಹೋದೋನು ಬಾವಿಗೆ ಬಿದ್ಬುಟ್ನೇನೋ ಅಂದ್ಕಂಡೆ" ಎಂದು ಅಂಜಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಈಚೆ ಬಂದಳು. ಮಗ ಸಮುದ್ರದಿಂದ ಆಮೆಮರಿ ತಂದದ್ದು ಅವಳಿಗೆ ಬಹಳ ಹಿಡಿಸಿತ್ತು. ನಿನ್ನೆಯೇ ಬಾವಿಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿದ್ದಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಬಾವಿಯಲ್ಲಿ ಒಂದು ಕರಿಯಾಮೆ ಇತ್ತಂತೆ. ಮಾವ ಕೆಲಮಂಗಲದ ಕೆರೆಯಿಂದ ತಂದು ಬಿಟ್ಟಿದ್ದು. ಯಾರೂ ಕದಿಯದಿರಲಿ ಎಂದು ಚಿಪ್ಪಿನ ಅಂಚಿಗೆ ತೂತು ಕೊರೆದು ತಾಮ್ರದ ಬಳೆ ಹಾಕಿಸಿದ್ದನಂತೆ. ಆಮೆ ಇರುವ ಬಾವಿಯ ನೀರು ಕೆಡುವುದಿಲ್ಲ, ಹುಳ ಹುಪ್ಪಟೆ ಕಸ ಕೊಳೆ ಎಲ್ಲವನ್ನೂ ಅದು ತಿಂದು ತೊಳೆದಿಡುತ್ತದೆ ಎಂದು ಸುತ್ತಲ ಹಳ್ಳಿಗಳಲ್ಲೆಲ್ಲ ನಂಬಿಕೆ. ಕುಮಾರೇಶನಿಗೂ ಆ ಆಮೆಯ ನೆನಪಿತ್ತು. ಎಂದರೆ, ಬಳೆಯ ನೆನಪಿತ್ತು. ನೀರು ಸೇದುವಾಗ ಒಮ್ಮೊಮ್ಮೆ ಕೊಡಕ್ಕೆ ಏನೋ ತಾಗಿ ಟಿಂಗ್ ಎನ್ನುತ್ತಿತ್ತು. ಆಮೇಲೆ ಬಾವಿ ಆಳ ಮಾಡಲೆಂದು ಕಂಪ್ರೆಸರ್ ತರಿಸಿ ಬಂಡೆಗೆ ಮದ್ದು ಸಿಡಿಸಿದರು. ಆ ಸದ್ದಿಗೆ ಊರಿನ ಅರ್ಧ ಕೋಳಿಗಳು ಮೊಟ್ಟೆ ಇಡುವುದನ್ನು ಬಿಟ್ಟವು ಎಂದು ಅಪ್ಪ ಹೇಳಿ ನಗುತ್ತಿದ್ದ. ಆಮೆಯ ಮಾತು ಯಾರೂ ಎತ್ತಲಿಲ್ಲ. "ನೀರು ನೋಡು, ಒಂದೇ ದಿನಕ್ಕೆ ತಿಳಿಯಾಗ್ಬುಟ್ಟದೆ" ಎಂದಳು ಅಂಜಮ್ಮ, ಕಟ್ಟೆಯ ಹತ್ತಿರಕ್ಕೂ ಬಾರದೆ. ನೀರು ಎಂದಿನಂತೆ ಪಾಚಿ ಬಣ್ಣದ್ದಾಗಿತ್ತು. "ಹೂಂ" ಎಂದ ಕುಮಾರೇಶ.

ಅವನ ಕೆಲಸವೇ ನೋಡುವುದು. ಜೂಜುವಾಡಿ ಕಡೆಯ ಫ್ಯಾಕ್ಟರಿಯಲ್ಲಿ ಬಿಳಿ ಬೆಳಕಿನ ಕೆಳಗೆ ಕೂತು, ಮುಂದೆ ಬರುವ ಬಿಡಿಭಾಗಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ, ಸರಿ ಇದ್ದದ್ದನ್ನು ಹಸಿರು ತಟ್ಟೆಗೆ, ಇಲ್ಲದ್ದನ್ನು ಕೆಂಪು ತಟ್ಟೆಗೆ ಹಾಕುವುದು. ಕೂದಲೆಳೆಯ ಗೀರು ಇದ್ದರೂ ಕೆಂಪಿಗೆ. ಅಂಥ ಕಣ್ಣಿಗೆ ಸಮುದ್ರದ ದಂಡೆಯಲ್ಲೇ ಮೊದಲ ನೋಟಕ್ಕೇ ಕಂಡಿತ್ತು. ಈ ಮರಿಗೆ ಕಾಲಿರಲಿಲ್ಲ. ಬೆರಳಿರಲಿಲ್ಲ, ಉಗುರಿರಲಿಲ್ಲ. ಕಾಲಿರಬೇಕಾದ ಕಡೆ ದೋಣಿಯ ಹುಟ್ಟಿನಂಥ ನಾಲ್ಕು ಹಲಗೆಗಳಿದ್ದವು. ಕೆರೆಯಾಮೆ ಅವನು ನೋಡದ್ದೇನಲ್ಲ. ಗದ್ದೆಬದಿಯಲ್ಲಿ ಉಗುರೂರಿ ಮಣ್ಣು ಗೀರುತ್ತ ನಡೆಯುತ್ತದೆ. ಇದು ಬೇರೆ. ಬೇರೆ ಎಂದು ಕಂಡಿತು. ಕಂಡೂ ಅದನ್ನು ಹಸಿರು ತಟ್ಟೆಗೆ ಹಾಕಿದ. ಇದೇ ಈಗ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ನಾಲಿಗೆಗೆ ತಾಗಿ ತಾಗಿ ಬರುತ್ತಿತ್ತು.

ಅಂಗಳದಲ್ಲಿ ಲೇಖಾ ರಾಗಿಚೀಲ ಹಾಸಿ ಅದರ ಮೇಲೆ ಚಿಪ್ಪುಗಳನ್ನು ಹರಡಿಕೊಂಡು ಕೂತಿದ್ದಳು. ಪೂರ್ತಿ ಹೆಸರು ಚಂದ್ರಲೇಖಾ. ಒಂಬತ್ತಕ್ಕೆ ಬಿದ್ದಿದ್ದಾಳೆ, ಬೇಸಿಗೆ ರಜ. ಚಿಪ್ಪುಗಳಲ್ಲಿ ಕೆಲವು ಉಗುರಿನಷ್ಟು ತೆಳ್ಳಗೆ, ಕೆಲವು ಬೀಸಣಿಗೆಯ ಹಾಗೆ, ಒಂದೆರಡು ತಿರುಪುಮೊಳೆಯ ಹಾಗೆ ಸುತ್ತಿಕೊಂಡು ಮೊನೆಯಾದವು. ಅವನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದಾಳೆ ಎಂದು ಅವನು ಅಂದುಕೊಂಡ. ಹತ್ತಿರ ಹೋಗಿ ನೋಡಿದರೆ ಬೇರೆಯೇ ಲೆಕ್ಕ. ಒಂದು ಗುಂಪಿನ ಪ್ರತಿ ಚಿಪ್ಪಿಗೂ ಸಣ್ಣ ದುಂಡು ತೂತು, ಸೂಕ್ಷ್ಮ ಬೈರಿಗೆಯಿಂದ ಕೊರೆದಂತೆ. ಇನ್ನೊಂದು ಗುಂಪಿನವಕ್ಕೆ ತೂತಿಲ್ಲ. "ತೂತಿರೋವೆಲ್ಲ ಒಂದೇ ಜಾಗ್ದಲ್ಲಿದೆ ನೋಡಪ್ಪಾ. ಯಾರೋ ಬೇಕು ಅಂತ್ಲೇ ಕೊರ್ದಿದಾರೆ" ಎಂದಳು. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ತೂತಿನ ಅಂಚು ಎಷ್ಟು ನಯವಾಗಿತ್ತೆಂದರೆ ಅವನ ಮೇಜಿಗೆ ಬಂದಿದ್ದರೆ ಪಾಸಾಗುತ್ತಿತ್ತು. ಯಾರು ಕೊರೆದರು? ಒಳಗಿದ್ದದ್ದು ಹೊರಗೆ ಬರಲು ಕೊರೆಯಿತೋ, ಹೊರಗಿದ್ದದ್ದು ಒಳಗೆ ಹೋಗಲು ಕೊರೆಯಿತೋ? ಗೊತ್ತಿಲ್ಲ ಎನ್ನುವುದಕ್ಕೆ ಬದಲು "ಅಲೆ ಹೊಡ್ತಕ್ಕೆ ಆಗುತ್ತೆ" ಎಂದ. ಲೇಖಾ ಅವನ ಮುಖವನ್ನು ಒಂದು ಗಳಿಗೆ ನೋಡಿ ಚಿಪ್ಪು ವಾಪಸು ಇಸಿದುಕೊಂಡಳು. ಈ ನೋಟ ಹೊಸದು. ಸಮುದ್ರದಿಂದ ಬಂದ ಮೇಲೆ ಶುರುವಾದದ್ದು.

ಅಲೆ. ಅವನಿಗೆ ಅಲೆಯ ಮಾತೆತ್ತಲು ಬಾಯಾದರೂ ಹೇಗೆ ಬಂತು! ಸಮುದ್ರಕ್ಕೆ ಹೋಗುವಾಗ ಕಾರಿನಲ್ಲಿ ತಿರುವಣ್ಣಾಮಲೈ ದಾಟುವವರೆಗೂ ಅವನದು ಈಜಿನ ಮಾತೇ. ಕಾರು ಮುರಳಿಕೃಷ್ಣನದು. ಫ್ಯಾಕ್ಟರಿಯಲ್ಲಿ ಅವನು ಕುಮಾರೇಶನ ಸೆಕ್ಷನ್ನಿನ ಇನ್‌ಚಾರ್ಜು, ವಯಸ್ಸಿನಲ್ಲಿ ಚಿಕ್ಕವನು, ಮನೆ ಹೊಸೂರಿನ ಅವಲಪಲ್ಲಿಯಲ್ಲಿ. ಕಾರಿನಲ್ಲಿ ಜಾಗ ಇದೆ, ನೀವೂ ಬನ್ನಿ ಎಂದು ಅವನ ಹೆಂಡತಿ ಸರಳಾ, ಕುಮಾರೇಶನ ಹೆಂಡತಿ ಶಶಿಕಲಾಳಿಗೆ ಫೋನು ಮಾಡಿದ್ದರಿಂದ ಹೊರಟದ್ದು. ಬೇರೆಯವರ ಕಾರಿನಲ್ಲಿ ಕೂತವನಿಗೆ ಏನಾದರೂ ತನ್ನದು ಎಂದು ಹೇಳಿಕೊಳ್ಳಬೇಕೆನಿಸುತ್ತದೆ. "ನಮ್ಮ ಬಾವೀಲಿ ನಾನು ಕಟ್ಟೆ ಮೇಲಿಂದ ತಲೆಕೆಳಗಾಗಿ ಹಾರ್ತಿದ್ದೆ ಸಾರ್, ತಳದ ಮಣ್ಣು ಕೈಲಿ ಹಿಡ್ಕೊಂಡು ಮೇಲೆ ಬರ್ತಿದ್ದೆ" ಎಂದಿದ್ದ. ಅದು ನಿಜವೂ ಹೌದು. ಲೇಖಾ ಅಪ್ಪನ ತೋಳು ತಬ್ಬಿಕೊಂಡು ಕೇಳಿದ್ದಳು. ಕಡಲೂರಿನ ಕಡೆಯ ಆ ಮೀನುಗಾರರ ಊರಿನಲ್ಲಿ, ಅದೇ ಸಂಜೆ, ಎಲ್ಲರೂ ನೋಡುತ್ತಿರುವಾಗ ಅವನು ಅಂಗಿ ಬಿಚ್ಚಿ ನೀರಿಗಿಳಿದ. ಬಾವಿಯಲ್ಲಿ ಈಜು ಕಲಿತವನಿಗೆ ಯಾವ ಕಡೆ ಕೈ ಚಾಚಿದರೂ ಕಲ್ಲು ಸಿಗುತ್ತದೆ. ಇಲ್ಲಿ ಕೈ ಚಾಚಿದ, ಕಲ್ಲಿರಲಿಲ್ಲ. ಮೊಣಕಾಲ ಮಟ್ಟದ ನೀರು ಇದ್ದಕ್ಕಿದ್ದಂತೆ ಎದ್ದು ನಿಂತು ಅವನನ್ನು ಮಡಚಿ, ಮರಳಿಗೆ ಉಜ್ಜಿ, ಬಾಯಿ ಮೂಗು ಕಿವಿಗೆಲ್ಲ ಉಪ್ಪು ತುಂಬಿ ಉಗಿಯಿತು. ಎದ್ದರೆ ಸೊಂಟದ ಚಡ್ಡಿ ಮೊಣಕಾಲಿಗೆ ಬಂದಿತ್ತು. ಮುರಳಿಕೃಷ್ಣ ರಟ್ಟೆ ಹಿಡಿದು ಎಳೆದುಕೊಂಡು, "ಏನ್ ಸಾರ್, ಬಾವಿ ಹುಲಿ! ಮೊಳಕಾಲುದ್ದ ನೀರಲ್ಲಿ ಅಡ್ರೆಸ್ಸೇ ಇಲ್ದಂಗೆ ಹೋಗ್ಬುಡ್ತಿದ್ರಲ್ಲಾ!" ಎಂದು ನಕ್ಕ. ಸರಳಾ ಮುಖ ಆಚೆ ತಿರುಗಿಸಿದಳು. ಶಶಿಕಲಾ ಟವೆಲು ತಂದು ಹೊದಿಸಿದಳು. ಲೇಖಾ ನಗಲಿಲ್ಲ, ಅಳಲಿಲ್ಲ. ತೂತು ಬಿದ್ದ ಚಿಪ್ಪನ್ನು ನೋಡುವ ಹಾಗೆ ಅಪ್ಪನನ್ನು ನೋಡಿದಳು.

"ರೀ, ಈ ನಾತ ತಡ್ಕಳ್ಳೋಕಾಗಲ್ಲ" ಎಂದು ಈಗ ಶಶಿಕಲಾ ಒಲೆಯ ಮೇಲೆ ನೀರಿಟ್ಟು ಬಾಗಿಲಿಗೆ ಬಂದಳು. "ಅದ್ರೊಳಗೆ ಏನೋ ಸತ್ತದೆ. ಒಂದ್ಸಾರಿ ಕುದಿಸ್ಬುಡ್ತೀನಿ." ತಿರುಪುಮೊಳೆಯಂಥ ಚಿಪ್ಪುಗಳಿಂದ ನಿಜವಾಗಿಯೂ ವಾಸನೆ ಬರುತ್ತಿತ್ತು. ಚಿಪ್ಪೆಂದರೆ ಕಲ್ಲಿನ ಹಾಗೆ ಸಮುದ್ರದಲ್ಲಿ ತಾನಾಗಿ ಆಗುವುದು ಎಂದೇ ಇವರೆಲ್ಲ ಅಂದುಕೊಂಡಿದ್ದರು. ಅದು ಯಾರದೋ ಮನೆ, ಕೆಲವು ಸಲ ಮನೆಯವರು ಒಳಗೇ ಇರುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಮುರಳಿಕೃಷ್ಣನ ಫೋನು ಬಂತು. "ಏನ್ ಸಾರ್, ಕಾರ್ ಪೂರಾ ಮೀನ್ ಮಾರ್ಕೆಟ್ ಆಗೋಗಿದೆ. ಹಿಂದಿನ ಸೀಟಲ್ಲಿ ಏನಾದ್ರೂ ಬಿಟ್ಟಿದೀರಾ? ಸರಳಾ ವಾಂತಿ ಮಾಡ್ಕೊಂಡ್ಳು." ಕುಮಾರೇಶ ಎದ್ದು ನಿಂತೇ ಮಾತಾಡಿದ. "ಇಲ್ಲ ಸಾರ್, ಮಗೂದು ಚಿಪ್ಪೊಂದು ಉರುಳಿರ್ಬೇಕು ಸಾರ್, ಸಾರಿ ಸಾರ್." ಆ ಕಡೆಯಿಂದ "ಪಾಪ, ಮಗೂಗೆ ಬೈಬೇಡಿ, ಬಿಡ್ರಿ" ಎಂಬ ಉದಾರ ದನಿ. ವಾಸನೆ ಚಿಪ್ಪಿನದಲ್ಲ, ಮರಿಯಿದ್ದ ಡಬ್ಬಿಯಿಂದ ತುಳುಕಿದ ಸಮುದ್ರದ ನೀರಿನದು ಎಂದು ಕುಮಾರೇಶನಿಗೆ ಗೊತ್ತಿತ್ತು. ಫೋನಿಟ್ಟ ಮೇಲೆ ತಾನು ನಿಂತಿದ್ದದ್ದು ಗಮನಕ್ಕೆ ಬಂದು ಕೂತುಕೊಂಡ.

ಆ ಡಬ್ಬಿ ಶಶಿಕಲಾ ಪುಳಿಯೋಗರೆ ತುಂಬಿಕೊಂಡು ಬಂದಿದ್ದ ಹಿಡಿಯಿರುವ ಸ್ಟೀಲಿನದು. ಅಲೆಯಲ್ಲಿ ಬಿದ್ದ ಮರುದಿನ ನಸುಕಿಗೇ ಎಚ್ಚರವಾಗಿ, ಯಾರೂ ಏಳುವ ಮೊದಲು ನೀರಿನ ಮುಂದೆ ಒಬ್ಬನೇ ನಿಲ್ಲಬೇಕೆನಿಸಿ ಅವನು ಹೊರಟಿದ್ದ. ಆ ಹೊತ್ತಿನ ದಂಡೆ ಬೇರೆಯೇ ಊರಿನಂತಿತ್ತು. ಮರಳಿನ ಬಣ್ಣದ ಏಡಿಗಳು ಅವನ ಹೆಜ್ಜೆಯ ಸದ್ದಿಗೆ ಅಡ್ಡಡ್ಡ ಓಡಿ ಬಿಲದ ಬಾಯಲ್ಲಿ ನಿಂತು ಕಡ್ಡಿಯಂಥ ಕಣ್ಣು ಎತ್ತಿ ನೋಡಿದವು. ಪುಟ್ಟ ಬೂದು ಹಕ್ಕಿಗಳು ಅಲೆ ಹಿಂದೆ ಸರಿದಾಗ ಅದರ ಬೆನ್ನು ಹತ್ತಿ, ಅಲೆ ತಿರುಗಿದಾಗ ಕಾಲು ನೆನೆಯದ ಹಾಗೆ ಓಡಿ ಬರುತ್ತಿದ್ದವು. ಇಷ್ಟು ಸುಲಭದ ವಿದ್ಯೆ ನಿನ್ನೆ ತನಗೆ ಬರಲಿಲ್ಲವಲ್ಲ ಎಂದು ಅವನಿಗೆ ನಗು ಬಂತು. ಗಾಜು ಕರಗಿ ಬಿದ್ದಂಥ ಲೋಳೆಯ ಮುದ್ದೆಯೊಂದನ್ನು ಕಡ್ಡಿಯಿಂದ ತಿವಿದ. ಅಲೆ ಸರಿದ ಜಾಗದಲ್ಲಿ ಉಗುರಗಲದ ಚಿಪ್ಪುಗಳು ನೆಟ್ಟಗೆ ನಿಂತು, ಕಣ್ಣು ಮಿಟುಕಿಸುವುದರೊಳಗೆ ಮರಳೊಳಗೆ ಇಳಿದು ಮಾಯವಾಗುತ್ತಿದ್ದವು. ನೆತ್ತಿಯ ಮೇಲೆ ಗರುಡ. ಅವನು ಎಲ್ಲವನ್ನೂ ಬಾಯಿ ಬಿಟ್ಟು ನೋಡಿದ. ನೋಡುವುದರಲ್ಲಿ ಹಸಿರು ತಟ್ಟೆ ಕೆಂಪು ತಟ್ಟೆ ಇಲ್ಲದೆಯೂ ಇರಬಹುದು ಎಂದು ಬಹಳ ವರ್ಷಗಳ ಮೇಲೆ ಗೊತ್ತಾದ ಹಾಗಾಯಿತು. ಆಗ ಮರಳಿನ ಮೇಲೆ ಆಟದ ಗಾಡಿಯ ಚಕ್ರದಂಥ ಸಣ್ಣ ಗುರುತುಗಳು ಕಂಡವು, ಒಂದಲ್ಲ, ಹತ್ತಾರು, ಎಲ್ಲ ಮೇಲಿನ ಮರಳುದಿಬ್ಬದಿಂದ ನೀರಿನ ಕಡೆಗೆ. ಒಂದು ಗುರುತು ಮಾತ್ರ ವಕ್ರವಾಗಿ ಹೋಗಿ ದೋಣಿಯ ಹಗ್ಗದ ಹತ್ತಿರ ನಿಂತಿತ್ತು. ಅಲ್ಲಿ ಅದು ಬೆನ್ನಡಿಯಾಗಿ ಬಿದ್ದು ಗಾಳಿಯಲ್ಲಿ ಈಜುತ್ತಿತ್ತು. ಪಕ್ಕದಲ್ಲಿ ಕಾಗೆ.

ಕಾಗೆಯನ್ನು ಓಡಿಸಿದ. ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಒದ್ದೆ ಕಲ್ಲಿದ್ದಲಿನ ಬಣ್ಣ, ಬೆನ್ನ ಮೇಲೆ ಏಣುಗಳು, ತೂಕವೇ ಇಲ್ಲ. ಹಲಗೆ ಕೈಗಳು ನಿಲ್ಲದೆ ಬಡಿಯುತ್ತಿದ್ದವು. ಇಷ್ಟು ಸಣ್ಣ ದೇಹಕ್ಕೆ ಇಷ್ಟು ಅವಸರ ಎಲ್ಲಿಯದು, ಇದಕ್ಕೆ ಯಾರು ಹೇಳಿದರು ಯಾವ ಕಡೆ ಹೋಗಬೇಕೆಂದು? ನೀರು ಕೂಗಳತೆಯಲ್ಲಿತ್ತು. ನಡೆದು ಹೋಗಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ನೀರಿನ ಕಡೆಗೆ ನಡೆದದ್ದೂ ನಿಜ. ಅಲೆ ಮೊಣಕಾಲ ಹತ್ತಿರ ಎದ್ದಾಗ ಕಾಲುಗಳು ತಾವಾಗಿ ಹಿಂದಕ್ಕೆ ಬಂದವು. ಇಷ್ಟು ಚಿಕ್ಕದನ್ನು ಇದರೊಳಗೆ ಹಾಕುವುದೇ? ನನ್ನನ್ನೇ ಉರುಳಿಸಿತು. ಹೀಗೆ ಯೋಚಿಸಿದೆ ಎಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಇದನ್ನು ಲೇಖಾ ನೋಡಬೇಕು. ಇದನ್ನು ಕಂಡವನು ನಾನು, ಮುರಳಿಕೃಷ್ಣನಲ್ಲ. ಓಡಿ ಹೋಗಿ ಮಗಳನ್ನು ಎಬ್ಬಿಸಿದ. ಅವಳು ನಿದ್ದೆಗಣ್ಣಲ್ಲಿ ಅಂಗೈಯೊಡ್ಡಿದಳು. ಅದರ ಹಲಗೆಕೈ ತಾಗಿದಾಗ ಅವಳ ಬಾಯಿ ತೆರೆದುಕೊಂಡದ್ದನ್ನು ಅವನು ಇನ್ನೂ ನೋಡಬಲ್ಲ. "ಯಾರ್ದಪ್ಪಾ ಇದು?" "ನಮ್ದೇ." "ಇದರಮ್ಮ?" "ಇಲ್ಲ ಪಾಪ, ಒಂದೇ ಬಿದ್ದಿತ್ತು. ನಮ್ಮ ಬಾವಿಗೆ ಕರ್ಕೊಂಡು ಹೋಗೋಣ. ನಮ್ಮ ಬಾವೀಲಿ ಆಮೆ ಇರ್ಬೇಕು ಕಣಮ್ಮಾ, ನಿಮ್ಮ ಮುತ್ತಾತ ತಂದು ಬಿಟ್ಟಿದ್ರು." ತಾಮ್ರದ ಬಳೆಯ ಕತೆ ಹೇಳಿದ. ಹೇಳುತ್ತ ಹೇಳುತ್ತ ಹಿಂದಿನ ಸಂಜೆ ಅಲೆಗೆ ಜಾರಿದ್ದ ಚಡ್ಡಿ ಸೊಂಟಕ್ಕೆ ವಾಪಸು ಏರಿದ ಹಾಗಾಯಿತು.

ದಾರಿಯುದ್ದಕ್ಕೂ ಡಬ್ಬಿ ಲೇಖಾಳ ತೊಡೆಯ ಮೇಲಿತ್ತು. "ಏನ್ ಪುಟ್ಟಾ ಅದರಲ್ಲಿ, ಬಿಡೋದೇ ಇಲ್ಲ?" ಎಂದು ಮುರಳಿಕೃಷ್ಣ ಕನ್ನಡಿಯಲ್ಲಿ ಕೇಳಿದಾಗ, ಅಪ್ಪ ಹೇಳಿಕೊಟ್ಟಂತೆ, "ಚಿಪ್ಪು ಅಂಕಲ್" ಎಂದಳು. ಕೃಷ್ಣಗಿರಿಯಲ್ಲಿ ಮಾವಿನಹಣ್ಣು ಕೊಳ್ಳಲು ನಿಲ್ಲಿಸಿದಾಗ ಸರಳಾ ಮುಚ್ಚಳಕ್ಕೆ ಕೈ ಹಾಕಿದಳು. ಲೇಖಾ ಸ್ವಲ್ಪವೂ ತಡವರಿಸದೆ, "ಮುಚ್ಚಳ ತೆಗೆದ್ರೆ ನಾತ ಬರುತ್ತೆ ಆಂಟಿ" ಎಂದಳು. ಇದನ್ನು ಅವನು ಹೇಳಿಕೊಟ್ಟಿರಲಿಲ್ಲ. ಶಶಿಕಲಾ ಕಿಟಕಿಯ ಆಚೆ ನೋಡುತ್ತ, "ಅಪ್ಪನ ಮಗಳು" ಎಂದು ಮೆಲ್ಲಗೆ ಅಂದದ್ದು ಹೊಗಳಿಕೆಯಲ್ಲ ಎಂದು ಅವನಿಗೆ ಗೊತ್ತಾಯಿತು.

ನೀರು ಕುದಿಯುವ ಸದ್ದು. ಶಶಿಕಲಾ ಚಿಪ್ಪುಗಳನ್ನು ಒಂದೊಂದಾಗಿ ಪಾತ್ರೆಗೆ ಹಾಕುತ್ತಿದ್ದಳು. ಲೇಖಾ ತನ್ನ ಮೆಚ್ಚಿನ ಕೆಲವನ್ನು ಮಾತ್ರ ಫ್ರಾಕಿನ ಜೇಬಿಗೆ ಹಾಕಿಕೊಂಡು, ಒಂದು ಬೀಸಣಿಗೆ ಚಿಪ್ಪನ್ನು ನೆಕ್ಕಿ ನೋಡಿದಳು. ಆಮೇಲೆ ಬಾವಿಕಟ್ಟೆಗೆ ಹೋಗಿ, ಬಕೆಟ್ಟಿನ ತಳದಲ್ಲಿ ನಿನ್ನೆಯಿಂದ ಉಳಿದಿದ್ದ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಮತ್ತೆ ಚಿಪ್ಪು, ಮತ್ತೆ ಬೆರಳು.

"ಅಪ್ಪಾ, ಇದು ಸಪ್ಪೆ."

"ಏನು?"

"ಬಾವಿ ನೀರು ಸಪ್ಪೆ. ಅಲ್ಲಿಂದು ಉಪ್ಪು. ಅದಕ್ಕೆ ಆಗುತ್ತಾ?"

"ಆಗುತ್ತಮ್ಮ. ಆಮೆ ಆಮೇನೇ."

"ಉಪ್ಪಲ್ಲಿ ಇರೋದಕ್ಕೂ ಸಪ್ಪೇಲಿರೋದಕ್ಕೂ ಕೈ ಬೇರೆ ಬೇರೆ ಇರುತ್ತಾ? ಅದರ ಕೈ ಬೇರೆ ಥರ ಇತ್ತಲ್ಲ."

ಅವಳೂ ನೋಡಿದ್ದಳು. ತನಗೆ ಕಂಡದ್ದು ಅವಳಿಗೂ ಕಂಡಿತ್ತು. ವ್ಯತ್ಯಾಸ ಇಷ್ಟೇ, ಅವಳು ಅದನ್ನು ಕೇಳಿದಳು.

"ಬದುಕುತ್ತೆ. ನಾನು ಹೇಳ್ತಾ ಇಲ್ವಾ" ಎಂದ, ಸ್ವಲ್ಪ ಗಟ್ಟಿಯಾಗಿ.

"ಈಜು ಬರುತ್ತೆ ಅಂತಾನೂ ಹೇಳಿದ್ದೆ."

ಕೋಪದಿಂದಲ್ಲ, ಚೇಷ್ಟೆಯಿಂದಲೂ ಅಲ್ಲ. ತೂತಿರುವುದು ಒಂದು ಕಡೆ, ಇಲ್ಲದ್ದು ಒಂದು ಕಡೆ ಇಡುವಷ್ಟೇ ಸರಳವಾಗಿ ಅಂದಳು. ಒಲೆಯ ಹತ್ತಿರ ಶಶಿಕಲಾಳ ಸೌಟು ನಿಂತಿತು. ಬೈಯಬಹುದಿತ್ತು. ಏನೇ ಅದು ಮಾತು, ಎಂದು ಕೈಯೆತ್ತಿದರೆ ಸಾಕಿತ್ತು. ಅವನ ಅಪ್ಪ ಹಾಗೆಯೇ ಮಾಡುತ್ತಿದ್ದದ್ದು, ಆಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಕೇಳುವುದು ನಿಂತ ಮೇಲೆ ಇವಳು ಏನಾಗುತ್ತಾಳೆ? ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಾತ ಬರುತ್ತೆ ಆಂಟಿ ಎನ್ನುವವಳಾಗುತ್ತಾಳೆ. ಆಗಲೇ ಅರ್ಧ ಆಗಿದ್ದಾಳೆ.

"ಉಪ್ಪು ಹಾಕೋಣ್ವಾ ಅಪ್ಪಾ, ಬಾವಿಗೆ? ಅಜ್ಜಿ ಹತ್ರ ಕಲ್ಲುಪ್ಪಿನ ಚೀಲ ಇದೆ."

ಕೊಟ್ಟಿಗೆಯ ಬಾಗಿಲಲ್ಲಿದ್ದ ಅಂಜಮ್ಮನಿಗೆ ಇದು ಕೇಳಿಸಿತು. "ಅಯ್ಯೋ ನಿನ್ನ ಬಾಯಿಗೆ! ಬಾವಿಗೆ ಉಪ್ಪಾ? ಹಗೆಯೋರು ಮಾಡೋ ಕೆಲ್ಸ ಕಣೇ ಅದು. ವಂಶ ಒಣಗೋಗ್ಲಿ ಅಂತ ಹಾಕ್ತಾರೆ. ಲೋ ಕುಮಾರ, ಏನ್ಲಾ ಇದು, ಆಮೆ ತಂದ್ರೆ ಆಮೆ ಥರ ಇರ್ಬೇಕು. ಅದುಕ್ಕೆ ಉಪ್ಪು ಬೇಕು, ಹುಳಿ ಬೇಕು ಅಂದ್ರೆ ಅದೇನು ಬೀಗ್ರಾ?"

"ಸಮುದ್ರದ್ದು ಕಣಮ್ಮಾ ಅದು."

"ಎಲ್ಲಿದಾದ್ರೇನ್ಲಾ. ನಾನೇನು ಈ ಮನೇಲಿ ಹುಟ್ಟಿದ್ನಾ? ಪೇಟೆಯಿಂದ ಬಂದೆ. ಬಾಳ್ಲಿಲ್ವಾ?"

ಶಶಿಕಲಾ ಫಕ್ಕನೆ ನಕ್ಕು ಸೆರಗನ್ನು ಬಾಯಿಗೊತ್ತಿಕೊಂಡಳು. ಅಂಜಮ್ಮನೂ ನಕ್ಕಳು. ಕುಮಾರೇಶ ಮಾತ್ರ ಬಾವಿಯ ಕಡೆ ತಿರುಗಿದ. ಅವನು ಹೇಳಬೇಕಾದದ್ದು ಬಹಳ ಸಣ್ಣ ದನಿಯಲ್ಲಿ ಬಂತು. "ಲೇಖಾ, ನಂಗೆ ಗೊತ್ತಿಲ್ಲ ಕಣಮ್ಮಾ. ಬದುಕುತ್ತೋ ಇಲ್ವೋ ಗೊತ್ತಿಲ್ಲ. ಇಳಿದು ತೆಗೀತೀನಿ. ಡಬ್ಬೀಲಿ ಉಪ್ಪುನೀರು ಮಾಡು. ನಾಳೆ ಬಸ್ಸಲ್ಲಿ ಹೋಗಿ ಅಲ್ಲೇ ಬಿಟ್ಟು ಬರೋಣ."

ಅವಳು ಡಬ್ಬಿಗೆ ಓಡಿದಳು. ಎಷ್ಟು ಉಪ್ಪು ಎಂದು ಕೇಳಲಿಲ್ಲ. ಚಿಪ್ಪು ನೆಕ್ಕಿ ನೋಡಿ, ನೀರು ನೆಕ್ಕಿ ನೋಡಿ ಹಾಕತೊಡಗಿದಳು.

ಬಾವಿಯ ಗೋಡೆಯಿಂದ ಈಚೆಗೆ ಚಾಚಿದ ಕಲ್ಲುಗಳೇ ಮೆಟ್ಟಿಲು. ಒಂದು ಕಾಲದಲ್ಲಿ ಕಣ್ಣು ಮುಚ್ಚಿ ಇಳಿಯುತ್ತಿದ್ದ ಕಲ್ಲುಗಳು ಈಗ ಪಾದಕ್ಕೆ ಒಂದೊಂದಾಗಿ ಪರಿಚಯ ಹೇಳಿಕೊಳ್ಳಬೇಕಾಯಿತು. ತಲೆಯ ಮೇಲೆ ಪಾರಿವಾಳಗಳು ಗದ್ದಲವೆಬ್ಬಿಸಿ ಹಾರಿದವು. ಇಳಿಯುತ್ತ ಇಳಿಯುತ್ತ ಬಿಸಿಲು ಹಿಂದೆ ಉಳಿಯಿತು, ಹಸಿ ಮಣ್ಣು ಮತ್ತು ಹಕ್ಕಿಹಿಕ್ಕೆಯ ವಾಸನೆ ಬಂತು, ಮೇಲಿನಿಂದ ತಾಯಿ ಬೈಯುವುದು ಬೇರೆ ಯಾರಿಗೋ ಎಂಬಂತೆ ಕೇಳಿಸಿತು. ಕೊನೆಯ ಕಲ್ಲಿಗೆ ಕಾಲಿಟ್ಟಾಗ ನೀರು ಹಿಮ್ಮಡಿ ಮುಟ್ಟಿತು. ತಣ್ಣಗೆ, ಕದಲದೆ. ಅವನು ಗೋಡೆಗೆ ಒರಗಿ ನಿಂತು ಕಣ್ಣು ಕತ್ತಲಿಗೆ ಹೊಂದುವವರೆಗೂ ಕಾದ. ಮರಿ ಮೊದಲು ಬಡಿಯುತ್ತಿದ್ದ ಗೋಡೆ ಎದುರಿಗಿತ್ತು. ಅಲ್ಲಿರಲಿಲ್ಲ. ಎಡಕ್ಕೆ, ಮದ್ದು ಸಿಡಿಸಿದಾಗ ಬಂಡೆ ಒಡೆದು ಆಗಿದ್ದ ಪೊಟರೆಯ ಮುಂದೆ, ನೀರಿನ ಮಟ್ಟದಲ್ಲಿ ಒಂದು ಚಪ್ಪಟೆ ಕಲ್ಲು. ಆ ಕಲ್ಲಿನ ಮೇಲೆ ಇನ್ನೊಂದು ಕಲ್ಲು. ಮೇಲಿನ ಕಲ್ಲಿಗೆ ಕತ್ತಿತ್ತು.

ಅದು ಅವನನ್ನೇ ನೋಡುತ್ತಿತ್ತು. ಬೆನ್ನ ಮೇಲೆ ಪಾಚಿ ಕೂದಲಿನ ಹಾಗೆ ಬೆಳೆದಿತ್ತು, ಒಂದು ಕಣ್ಣು ಬಿಳಿಚಿಕೊಂಡಿತ್ತು. ಚಿಪ್ಪಿನ ಅಂಚಿನಲ್ಲಿ ಹಸಿರು ಕಿಲುಬು ಹಿಡಿದ ಬಳೆ. ಅವನ ಮೈಯಲ್ಲಿ ಭಯ ಹುಟ್ಟಲಿಲ್ಲ. ನಗು ಬರುವ ಹಾಗಾಯಿತು. ಅಪ್ಪ ಸತ್ತ, ಬೋರ್ ಬಂತು, ಗುಲಾಬಿ ಬಂತು, ಅವನು ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದಾಯಿತು, ಮದುವೆಯಾಯಿತು, ಮಗಳಾದಳು. ಇದು ಇಲ್ಲೇ ಇತ್ತು. ಯಾರಿಗೂ ಬೇಡದ ನೀರನ್ನು ಶುದ್ಧ ಮಾಡುತ್ತ ಕೂತಿತ್ತು. ಕೆಲಮಂಗಲದ ಕೆರೆಯಲ್ಲಿ ಇದಕ್ಕೆ ಜೊತೆಯಿದ್ದಿರಬೇಕು. ಅಜ್ಜ ಎತ್ತಿಕೊಂಡು ಬರುವಾಗ ಇದೂ ಕೈಕಾಲು ಬಡಿದಿರಬೇಕು. ಇದೂ ಮೊದಲ ದಿನ ಗೋಡೆಗೆ ಬಡಿದುಕೊಂಡಿತೇ? ಯಾವ ದಿನ ಬಿಟ್ಟಿತು? ಬಿಟ್ಟ ದಿನ ಅಂಜಮ್ಮನಂಥ ಯಾರೋ ನೀರು ತಿಳಿಯಾಯಿತು ಎಂದಿರಬೇಕು. ಹೀಗೆ ಯೋಚಿಸುತ್ತ ಅವನು ಅದರ ಕಣ್ಣಿನಿಂದ ಬಾಯಿಗೆ ಇಳಿದು ನೋಡಿದ. ನೋಡುವುದು ಅವನ ಕೆಲಸ. ಬಾಯಿಯ ಒಂದು ಕಡೆಯಿಂದ ಕರಿಯ ತೆಳು ಹಲಗೆಯೊಂದು ಈಚೆಗೆ ಇಣುಕಿತ್ತು. ಹುಟ್ಟಿನ ಆಕಾರ, ಉಗುರಿಲ್ಲ. ಚಪ್ಪಟೆ ಕಲ್ಲಿನ ಮೇಲೆ ಇನ್ನೊಂದಷ್ಟು ಉಳಿದಿತ್ತು, ಬೆನ್ನ ಏಣುಗಳಿರುವ ಚೂರು. ಆಮೆ ಅವಸರವಿಲ್ಲದೆ ಒಮ್ಮೆ ಜಗಿಯಿತು.

"ಅಪ್ಪಾ, ಸಿಕ್ತಾ?"

ಮೇಲೆ ಬಾವಿಯ ಬಾಯಿ ಬೆಳ್ಳಗಿನ ಚೌಕ. ಅದರ ಅಂಚಿಗೆ ಲೇಖಾಳ ತಲೆ, ಪಕ್ಕದಲ್ಲಿ ಡಬ್ಬಿ. ಮುಖ ಕಾಣುತ್ತಿರಲಿಲ್ಲ. ಅವಳಿಗೆ ಇಲ್ಲಿನದೇನೂ ಕಾಣುವುದಿಲ್ಲ. ಕಾಣ್ತಾ ಇಲ್ಲಮ್ಮ, ಪೊಟರೆ ಒಳಗೆ ಹೋಗಿ ಸೇರ್ಕೊಂಡಿದೆ, ಚೆನ್ನಾಗಿದೆ. ಇಷ್ಟು ಹೇಳಿದರೆ ಸಾಕು. ಇನ್ನು ಯಾವತ್ತೂ ಯಾರೂ ಇಲ್ಲಿಗೆ ಇಳಿಯುವುದಿಲ್ಲ. ಅವಳು ದೊಡ್ಡವಳಾಗಿ, ನಮ್ಮಪ್ಪ ಸಮುದ್ರದಿಂದ ಆಮೆ ತಂದು ಬಿಟ್ಟಿದ್ದರು, ಅದು ಇನ್ನೂ ಬಾವಿಯಲ್ಲಿದೆ ಎಂದು ತನ್ನ ಮಕ್ಕಳಿಗೆ ಹೇಳುತ್ತಾಳೆ. ಎಷ್ಟು ಚೆಂದದ ಕತೆ. ಮುಚ್ಚಳದ ಮೇಲೆ ಕೈ ಇಟ್ಟರೆ ಆಯಿತು. ಅವನು ಬಾಯಿ ತೆರೆದ. ತೆರೆದ ಬಾಯಿಗೆ ಹಳೆಯ ಉಪ್ಪಿನ ರುಚಿ ಬಂತು, ಅಲೆಯ ಒಳಗಿನದು.

"ಇಲ್ಲಮ್ಮಾ. ಸತ್ತೋಯ್ತು. ತಿಂದ್ಬುಟ್ಟದೆ."

ಅವನ ಮಾತು ಗೋಡೆಗೆ ತಾಗಿ ಸುತ್ತಿ ಮೇಲೆ ಹೋಯಿತು. ತಲೆ ಅಲ್ಲಾಡಲಿಲ್ಲ. ಈಗ ಅಳು ಬರುತ್ತದೆ ಎಂದು ಅವನು ಕಾದ. ಅಳಲಿ, ಬಯ್ಯಲಿ, ಇನ್ನು ಯಾವತ್ತೂ ಮಾತೇ ನಂಬದಿರಲಿ. ಆ ಚೂರನ್ನು ಕೈಗೆತ್ತಿಕೊಳ್ಳಬೇಕೋ ಬೇಡವೋ ತಿಳಿಯದೆ ಗೋಡೆಗೆ ಬೆನ್ನೊತ್ತಿ ನಿಂತ.

"ಯಾರು ತಿಂದಿದ್ದು?" ದನಿ ಒದ್ದೆಯಾಗಿತ್ತು.

"ಹಳೇದು."

"ಹಳೇದು ಅಂದ್ರೆ?"

"ಮುತ್ತಾತಂದು."

ಮೇಲಿನಿಂದ ಮೂಗು ಎಳೆದುಕೊಂಡ ಸದ್ದು ಬಂತು.

"ಬಳೆ ಇದೆಯಾ?"

"ಇದೆ."

"ಎಷ್ಟು ದೊಡ್ಡದಿದೆ?"

ಅವನು ಎರಡು ಕೈ ಅಗಲಿಸಿ ತೋರಿಸಹೋದ. ಕತ್ತಲಲ್ಲಿ ಅವಳಿಗೆ ಕಾಣುವುದಿಲ್ಲ ಎಂದು ನೆನಪಾಯಿತು. "ಹೇಳೋಕಾಗಲ್ಲ ಕಣಮ್ಮಾ, ನೋಡ್ಬೇಕು" ಎಂದ.

ಚೌಕದಿಂದ ತಲೆ ಮಾಯವಾಯಿತು. ಆಮೇಲೆ ಅದೇ ಜಾಗದಲ್ಲಿ ಒಂದು ಬರಿಗಾಲು ಬಂದು, ಮೊದಲ ಕಲ್ಲನ್ನು ಹುಡುಕಿ, ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿ ನಿಂತಿತು. ಮೇಲೆ ಅಂಜಮ್ಮ ಕೂಗಿಕೊಂಡಳು. ಶಶಿಕಲಾ, "ಬಿಡತ್ತೆ, ಹೋಗ್ಲಿ" ಎಂದಳು. "ಗೋಡೆ ಹಿಡ್ಕೊ. ಮೂರನೇದು ಅಲ್ಲಾಡುತ್ತೆ, ಅದನ್ನ ಬಿಟ್ಟು ಕೆಳಗಿಂದಕ್ಕೆ ಕಾಲಿಡು" ಎಂದ ಕುಮಾರೇಶ. ಅದು ಅವನಿಗೆ ಖಂಡಿತವಾಗಿ ಗೊತ್ತಿದ್ದ ವಿಷಯ. ಅವನು ಒಂದು ಕಲ್ಲು ಮೇಲೇರಿ ಕೈ ಚಾಚಿ ನಿಂತ. ಅವಳ ಜೇಬಿನಲ್ಲಿ ಚಿಪ್ಪುಗಳು ಒಂದಕ್ಕೊಂದು ತಾಗುವ ಸದ್ದು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬರತೊಡಗಿತು. ಆ ಸದ್ದಿಗೆ ಹಳೆಯದು ಕತ್ತನ್ನು ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಗೆ ಹಾಕಿ, ನೆಟ್ಟಗಿದ್ದ ಒಂದು ಕಣ್ಣನ್ನು ಮೇಲಕ್ಕೆ ತಿರುಗಿಸಿತು.